ಹುಳದ ಮನೆಯ ಮುಂದೆ ಒಂದು ಉಸಿರು

ದಿನಕ್ಕೆ ಎಷ್ಟು ಸಲ ‘ಊದಿ’ ಅನ್ನುತ್ತೇನೋ ನನಗೇ ಗೊತ್ತಿಲ್ಲ. ಕೋಲಾರದ ಆಸ್ಪತ್ರೆಯೊಂದರಲ್ಲಿ ಉಸಿರಾಟದ ಪರೀಕ್ಷೆ ಮಾಡುವ ಕೆಲಸ ನನ್ನದು. ಎದುರು ಕೂತವರ ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟು, “ಪೂರ್ತಿ ಎಳ್ಕೊಳ್ಳಿ, ಇನ್ನೂ, ಇನ್ನೂ, ಹಾಂ, ಈಗ ಊದಿ, ಊದಿ, ಊದಿ, ನಿಲ್ಲಿಸ್ಬೇಡಿ!” ಎಂದು ಕೂಗಬೇಕು. ಕೂಗದೆ ಮೆಲ್ಲಗೆ ಹೇಳಿದರೆ ಯಾರೂ ಪೂರ್ತಿ ಊದುವುದಿಲ್ಲ. ಎದೆಯಲ್ಲಿರುವುದನ್ನೆಲ್ಲ ಗುರುತಿಲ್ಲದವರ ಮುಂದೆ ಹೊರಗೆ ಹಾಕಲು ನಮ್ಮ ಜನಕ್ಕೆ ಸಂಕೋಚ. ಅದೂ ಒಂದು ಸಲ ಊದಿದರೆ ಸಾಲದು, ಒಂದರಂತೆ ಇನ್ನೊಂದು ಬರುವ ತನಕ ಮತ್ತೆ ಮತ್ತೆ ಊದಿಸಬೇಕು. ಸಂಜೆ ಮನೆಗೆ ಹೋದಾಗ ನನ್ನ ಗಂಟಲು ಕಟ್ಟಿರುತ್ತದೆ. ಮನೆಯವರು ಏನು ಕೇಳಿದರೂ ತಲೆಯಾಡಿಸುತ್ತೇನೆ. ಅವರಿಗೆ ಅದು ಅಭ್ಯಾಸವಾಗಿಬಿಟ್ಟಿದೆ.

ಆ ಹೆಂಗಸು ಮೊದಲ ಸಲ ಬಂದದ್ದು ಶ್ರೀನಿವಾಸಪುರದ ಮಾವು ಲಾರಿ ಹತ್ತುವ ದಿನಗಳಲ್ಲಿ. ಮುಳಬಾಗಿಲಿಂದ ಆಂಧ್ರದ ಗಡಿಯ ಕಡೆಗಿರುವ ಒಂದು ಹಳ್ಳಿಯವಳು. ಮೂವತ್ತು ದಾಟಿರಬಹುದು. ಗಂಡ ಟೆಂಪೋ ಓಡಿಸುತ್ತಾನೆ, ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಮಾತಾಡುವಾಗ ಒಂದೊಂದು ವಾಕ್ಯದ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಊದಿಸಿ ನೋಡಿದೆ. ಉಸಿರು ಸರಾಗವಾಗಿದ್ದರೆ ಪರದೆಯ ಮೇಲಿನ ಗೆರೆ ಸರ್ರನೆ ಮೇಲೇರಿ ನೇರವಾಗಿ ಇಳಿಯುತ್ತದೆ. ಇವಳದು ಸ್ವಲ್ಪ ಏರಿ, ಆಮೇಲೆ ಹಳೇ ಮಂಚದ ಹಗ್ಗದ ಹಾಗೆ ಜೋತುಬಿದ್ದಿತು. ಬಾಯಿಗೆ ಔಷಧಿ ಹೊಡೆದುಕೊಳ್ಳುವ ಪಂಪು, ಅಂದರೆ ಇನ್ಹೇಲರು ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಿದೆ. ಗೆರೆ ನೆಟ್ಟಗಾಯಿತು. ಆಸ್ತಮಾ ಎಂದು ಅನುಮಾನವಿಲ್ಲದೆ ಹೇಳಬಹುದಾಗಿತ್ತು.

ಉಬ್ಬಸ ಬಂದವರು ‘ಗಾಳಿ ಒಳಗೆ ಹೋಗ್ತಿಲ್ಲ’ ಅನ್ನುತ್ತಾರೆ. ಆದರೆ ಹೆಚ್ಚಿನ ತೊಂದರೆ ಇರುವುದು ಗಾಳಿ ಬಿಡುವುದರಲ್ಲಿ. ಶ್ವಾಸಕೋಶಕ್ಕೆ ಗಾಳಿ ಎಳೆದುಕೊಳ್ಳುವ ಸ್ವಂತ ಬಲವಿಲ್ಲ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ಕೆಳಗಿಳಿದರೆ, ಪಕ್ಕೆಲುಬು ಮೇಲೆದ್ದರೆ, ಎದೆ ದೊಡ್ಡದಾಗಿ ಗಾಳಿ ತಾನಾಗಿಯೇ ಒಳಗೆ ನುಗ್ಗುತ್ತದೆ. ಆಗ ಒಳಗಿನ ಕೊಳವೆಗಳೂ ತುಸು ಅಗಲವಾಗುತ್ತವೆ. ಬಿಡುವಾಗ ಆ ಕೊಳವೆಗಳು ಕುಗ್ಗುತ್ತವೆ. ಮೊದಲೇ ಊದಿಕೊಂಡು, ಕಫ ಕಟ್ಟಿ, ಬಿಗಿದುಕೊಂಡಿರುವ ಕೊಳವೆ ಮತ್ತೂ ಕುಗ್ಗಿದರೆ ಗಾಳಿ ಹೊರಗೆ ಬರಲು ಒದ್ದಾಡುತ್ತದೆ. ಆ ಒದ್ದಾಟವೇ ಸುಂಯ್ ಎಂದು ಕೇಳುವುದು. ಹಳೆಯ ಗಾಳಿ ಖಾಲಿಯಾಗದೆ ಹೊಸತಿಗೆ ಜಾಗವೆಲ್ಲಿ? ಇಷ್ಟನ್ನು ಅವಳಿಗೂ ಹೇಳಿದೆ.

ಡಾಕ್ಟರು ಎರಡು ಪಂಪು ಬರೆದರು. ಒಂದು ಉಬ್ಬಸ ಬಂದಾಗ ತಕ್ಷಣಕ್ಕೆ. ಇನ್ನೊಂದು ಕೊಳವೆಯ ಊತ ಇಳಿಸುವುದಕ್ಕೆ, ಚೆನ್ನಾಗಿದ್ದರೂ ದಿನಾ ಎರಡು ಹೊತ್ತು. ಬಳಸುವುದನ್ನು ನಾನು ಕಲಿಸಿದೆ. ಪಂಪು ಕುಲುಕಿ, ಉಸಿರು ಬಿಟ್ಟು, ಒತ್ತುತ್ತಾ ನಿಧಾನಕ್ಕೆ ಎಳೆದು, ಹಿಡಿದಿಟ್ಟುಕೊಳ್ಳಬೇಕು. ಚುರುಕಿನ ಹೆಂಗಸು, ಬೇಗ ಕಲಿತಳು. ಮುಂದಿನ ಸಲ ಬಂದಾಗ ಗೆರೆಯೂ ಚೆನ್ನಾಗಿತ್ತು, ಮುಖವೂ ಚೆನ್ನಾಗಿತ್ತು. ನಾನು ಅವಳನ್ನು ಮರೆತೆ.

ಅದಾದ ಮೇಲೆ ಕೆಟ್ಟ ಗೆರೆ ಹೊತ್ತುಕೊಂಡು ಬಂದಳು. ಮತ್ತೆ ಸುಧಾರಿಸಿದಳು. ಮತ್ತೆ ಕೆಟ್ಟಳು. ಹೀಗೇ ಏರುತ್ತಾ ಇಳಿಯುತ್ತಾ ಒಂದು ವರ್ಷವೇ ಕಳೆಯಿತು. “ಪಂಪು ತಗೋತಿದೀರಾ?” ಎಂದರೆ “ಹೂಂ ಅಕ್ಕಾ, ತಪ್ಪಿಸಲ್ಲ” ಅನ್ನುತ್ತಿದ್ದಳು. ತೋರಿಸಿ ಅಂದರೆ ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ತೋರಿಸುತ್ತಿದ್ದಳು. ನನಗೆ ತಲೆ ಕೆಟ್ಟುಹೋಯಿತು. ಮಿಷನ್ನೇ ಸರಿಯಿಲ್ಲವೇನೋ ಎಂದು ನಾನೇ ಊದಿ ನೋಡಿದೆ. ಮಿಷನ್ನು ಸರಿಯಾಗಿಯೇ ಇತ್ತು.

ಅವಳ ಉಬ್ಬಸ ಹುಳದ ಬೆಳೆಯ ಜೊತೆ ಬಂದು ಬೆಳೆಯ ಜೊತೆ ಹೋಗುತ್ತದೆ ಎಂದು ಕಂಡುಹಿಡಿದದ್ದು ಡಾಕ್ಟರು. ಹುಳದ ಮನೆಯಲ್ಲಿ ಹಿಕ್ಕೆಯ ದೂಳು, ಸುಣ್ಣದ ಪುಡಿ, ಬಾಡಿದ ಸೊಪ್ಪು, ಹುಳ ಕಳಚಿದ ಪೊರೆ, ಯಾವುದೂ ಆಸ್ತಮಾದವರಿಗೆ ಒಳ್ಳೆಯದಲ್ಲ. “ಹುಳ ಬಿಟ್ಬಿಡಮ್ಮಾ, ಬೇರೆ ಏನಾದ್ರೂ ಮಾಡು,” ಎಂದರು. ಅವಳು ಪಂಪನ್ನು ಚೀಲಕ್ಕೆ ಹಾಕಿಕೊಂಡು ಹೇಳಿದಳು.

“ನಮ್ಮನೇಲಿ ಅಡಿಗೆ ಅತ್ತೇದು, ದನ ಅತ್ತೇದು, ದುಡ್ಡು ಗಂಡಂದು. ಹುಳ ಒಂದೇ ಸಾರ್ ನಂದು ಅಂತ ಇರೋದು. ಊರಲ್ಲಿ ಯಾರ ಮನೆ ಹುಳಕ್ಕೆ ಏನಾದ್ರೂ ನನ್ನೇ ಕರೀತಾರೆ.”

ಡಾಕ್ಟರು ಮತ್ತೆ ಆ ಮಾತೆತ್ತಲಿಲ್ಲ. ಮೂಗು ಬಾಯಿಗೆ ಮಾಸ್ಕು ಕಟ್ಟಿಕೋ, ಹಿಕ್ಕೆ ತೆಗೆಯುವ ಕೆಲಸ ಬೇರೆಯವರಿಗೆ ಬಿಡು ಎಂದು ಹೇಳಿ ಕಳಿಸಿದರು.

ಒಂದು ಬೆಳಿಗ್ಗೆ ನಾನು ಬ್ಯಾಗು ಇಡುವ ಮೊದಲೇ ತುರ್ತು ವಿಭಾಗದಿಂದ ಸಿಸ್ಟರು ಓಡಿಬಂದರು. “ನಿಮ್ಮ ಹುಳದ ಅಮ್ಮ ಬಂದಿದಾರೆ, ನೋಡಿ ಬನ್ನಿ.” ಹೋದೆ. ಹಾಸಿಗೆಯ ಅಂಚಿಗೆ ಕೂತು, ಎರಡು ಕೈಯನ್ನೂ ಮುಂದಕ್ಕೆ ಊರಿಕೊಂಡಿದ್ದಳು. ಹೆಗಲು ಕಿವಿಯ ತನಕ ಏರಿ ಇಳಿಯುತ್ತಿತ್ತು. ಕುತ್ತಿಗೆಯ ನರ ಹಗ್ಗದಂತೆ ಎದ್ದಿತ್ತು. ಆದರೆ ಸುಂಯ್ ಎಂಬ ಶಬ್ದ ಇರಲಿಲ್ಲ. ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ನನ್ನತ್ತ ನೋಡಿದ ನೋಟದಲ್ಲೇ ನನಗೆ ಅರ್ಥವಾಯಿತು. ಶಬ್ದ ಕೇಳಬೇಕಾದರೂ ಒಂದಿಷ್ಟು ಗಾಳಿ ಓಡಾಡಬೇಕು. ಇವಳ ಎದೆ ತುಂಬಿ ನಿಂತುಬಿಟ್ಟಿತ್ತು. ಆಮ್ಲಜನಕ, ನೆಬುಲೈಸರು, ಸೂಜಿ, ಒಂದಾದ ಮೇಲೊಂದು ನಡೆಯಿತು. ಎಷ್ಟೋ ಹೊತ್ತಿನ ಮೇಲೆ ಸುಂಯ್ ಎಂಬ ಶಬ್ದ ಶುರುವಾದಾಗ ನಾವೆಲ್ಲ ಹಿಗ್ಗಿದೆವು. ಮಾಮೂಲಿ ದಿನ ಆ ಶಬ್ದ ಕೇಳಿದರೆ ನನಗೆ ಬೇಜಾರಾಗುತ್ತದೆ.

“ಇನ್ನೊಂದು ಸಲ ಹೀಗಾದ್ರೆ ಆ ಊರಿಂದ ಇಲ್ಲಿ ತನಕ ತಲಪಲ್ಲ,” ಎಂದರು ಡಾಕ್ಟರು, ಕೈ ತೊಳೆಯುತ್ತಾ. ಅವಳಿಗೆ ಕೇಳಿಸದ ಹಾಗೆ ಹೇಳಿದರು.

ವಾರ್ಡಿನಲ್ಲಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಅವಳನ್ನು ನೋಡಲು ಹೋದೆ. ಗಂಜಿ ಕುಡಿಯುತ್ತಿದ್ದಳು. ಲೋಟ ಕೆಳಗಿಟ್ಟು, ಅಕ್ಕಪಕ್ಕ ನೋಡಿ, ಮೆಲ್ಲಗೆ ಕೇಳಿದಳು.

“ಅಕ್ಕಾ, ಒಂದು ಮಾತು. ಈ ಸ್ಪ್ರೇ ಹೊಡ್ಕೊಂಡ್ಮೇಲೆ ಎಷ್ಟು ದಿವ್ಸ ಬಿಟ್ಟು ಹುಳದ ಮನೆಗೆ ಹೋಗ್ಬೋದು? ನಾನು ಹದಿನೈದು ದಿವ್ಸ ಬಿಡ್ತಿದ್ದೆ. ಅಷ್ಟು ಬೇಕಾ, ಇಲ್ಲ ಕಮ್ಮಿ ಮಾಡ್ಬೋದಾ?”

ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಹಿಪ್ಪುನೇರಳೆ ತೋಟಕ್ಕೆ ಔಷಧಿ ಹೊಡೆದರೆ ಇಷ್ಟು ದಿನ ಆ ಸೊಪ್ಪು ಕೊಯ್ಯಬಾರದು ಎಂಬ ಲೆಕ್ಕ ಹುಳ ಸಾಕುವವರಿಗೆಲ್ಲ ಗೊತ್ತು. ಅವಳು ಅದೇ ಲೆಕ್ಕವನ್ನು ತನ್ನ ಎದೆಗೂ ಹಾಕಿದ್ದಳು. ಮರಿ ಹುಳ ಮನೆಗೆ ಬರುವ ಹದಿನೈದು ದಿನ ಮೊದಲೇ ಎರಡೂ ಪಂಪು ನಿಲ್ಲಿಸಿ, ರೇಷ್ಮೆಗೂಡು ಮಾರಿದ ಮೇಲೆ ಮತ್ತೆ ಶುರು ಮಾಡುತ್ತಿದ್ದಳು. ಬೆಳೆ ನಡೆಯುವಷ್ಟೂ ದಿನ, ದೂಳಿನ ನಡುವೆ, ಎದೆಗೆ ಯಾವ ರಕ್ಷಣೆಯೂ ಇರಲಿಲ್ಲ. ‘ತಪ್ಪಿಸಲ್ಲ’ ಎಂದು ಅವಳು ಹೇಳಿದ್ದು ಸುಳ್ಳಲ್ಲ. ಅವಳ ಲೆಕ್ಕದಲ್ಲಿ ಅದು ತಪ್ಪಿಸುವುದು ಆಗಿರಲೇ ಇಲ್ಲ.

“ಅಯ್ಯೋ, ಇದು ಆ ಔಷಧಿ ಅಲ್ಲಮ್ಮಾ!” ಎಂದೆ. ಸಿಟ್ಟು ಬಂದಿತ್ತು, ದನಿ ಜೋರಾಯಿತು.

“ನಿಮ್ಗೆ ಗೊತ್ತಿಲ್ಲ ಅಕ್ಕಾ. ಪಕ್ಕದ ತೋಟದೋರು ಟೊಮೊಟೊಗೆ ಹೊಡುದ್ರು. ಗಾಳೀಲಿ ತೇಲ್ಕೊಂಡು ಬಂತು ಅಷ್ಟೇ. ನಮ್ಮ ಹುಳ ಎಲ್ಲಾ ಹಸ್ರು ಕಕ್ಕಿ ಸತ್ತೋದ್ವು. ಹುಳಕ್ಕೆ ಮೂಗಿಲ್ಲ. ಪಕ್ಕೇಲಿ ಕರೀ ಚುಕ್ಕೆ ಇರ್ತವೆ ನೋಡಿ, ಅದ್ರಲ್ಲೇ ಉಸ್ರು. ಗಾಳೀಲಿ ಏನಿದ್ರೂ ಸೀದಾ ಮೈಗೆ.”

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಮಗಾದರೆ ಮೂಗಿನ ಕೂದಲಿದೆ, ಗಂಟಲಿನ ತೇವವಿದೆ. ಶ್ವಾಸನಾಳ ಕವಲೊಡೆದು, ಕವಲು ಮತ್ತೆ ಕವಲೊಡೆದು, ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗೂಡುಗಳಿಗೆ ತಲಪುವಷ್ಟರಲ್ಲಿ ಎಷ್ಟೋ ಕಾವಲು ದಾಟಬೇಕು. ಹುಳಕ್ಕೆ ಅಷ್ಟೆಲ್ಲ ಇಲ್ಲ. ಅದಕ್ಕೇ ನಾನು ಬೇರೆ ದಾರಿಯಿಂದ ಹೇಳಿದೆ. ಪಂಪಿನ ಔಷಧಿ ನಿಮ್ಮ ಎದೆಯ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಉಸಿರು ಹಿಡಿದಿಟ್ಟುಕೊಳ್ಳಿ ಎಂದು ಹೇಳುವುದು ಅದಕ್ಕೇ, ನೀವು ಬಿಡುವ ಗಾಳಿಯಲ್ಲಿ ಏನೂ ಉಳಿಯುವುದಿಲ್ಲ ಎನ್ನಬಹುದು. ಅವಳು ತಲೆಯಾಡಿಸಿದಳು. ಆ ತಲೆಯಾಟ ನನಗೆ ಚೆನ್ನಾಗಿ ಗೊತ್ತು. ಮನೆಗೆ ಹೋಗಿ ತನಗೆ ತೋಚಿದ್ದನ್ನೇ ಮಾಡುವವರು ಹಾಗೆ ತಲೆಯಾಡಿಸುತ್ತಾರೆ.

“ನಾನು ಒಪ್ಪಿದ್ರೂ ಅತ್ತೆ ಒಪ್ಪಲ್ಲ ಅಕ್ಕಾ,” ಎಂದಳು ಕೊನೆಗೆ.

ಕೆಲವು ವಾರದ ಮೇಲೆ ಅವಳ ಫೋನು ಬಂತು. ಮರಿ ಹುಳ ಬಂದಿದೆ, ಪಂಪು ನಿಲ್ಲಿಸಿದ್ದೇನೆ, ಏನಾದರೂ ಆದರೆ ಬೈಯಬೇಡಿ ಎಂದು ಹೇಳಲು ಮಾಡಿದ್ದಳು. ನಾನು ಬೈದೆ. ಬೈದು ಮುಗಿಸಿ, ಫೋನು ಇಟ್ಟು, ಮುಂದಿನವರನ್ನು ಊದಿಸಿದೆ. ಆದರೆ ಆ ಹಾಸಿಗೆಯ ಅಂಚಿನಲ್ಲಿ ಶಬ್ದವಿಲ್ಲದೆ ಏರಿಳಿಯುತ್ತಿದ್ದ ಹೆಗಲು ಕಣ್ಣಿಗೆ ಕಟ್ಟಿತ್ತು. ಭಾನುವಾರ ಅವಳ ಊರಿಗೆ ಹೋಗುವುದು ಎಂದು ತೀರ್ಮಾನಿಸಿದೆ. ನಿಜ ಹೇಳುತ್ತೇನೆ, ನನಗೆ ಮನಸ್ಸಿರಲಿಲ್ಲ. ಭಾನುವಾರವೊಂದೇ ನಾನು ಬಾಯಿ ಮುಚ್ಚಿಕೊಂಡು ಮಲಗುವ ದಿನ. ಬರುತ್ತೇನೆಂದು ತಿಳಿಸಿದಾಗ ಅವಳು ಹೇಳಿದ್ದು ಇಷ್ಟು: “ಬನ್ನಿ ಅಕ್ಕಾ. ಪೌಡ್ರು ಹಾಕ್ಬೇಡಿ, ಹೂವು ಮುಡ್ಕೊಂಡು ಬರ್ಬೇಡಿ. ಹುಳಕ್ಕೆ ವಾಸ್ನೆ ಆಗಲ್ಲ.”

ಬಸ್ಸಿನಲ್ಲಿ ಮುಳಬಾಗಿಲ ತನಕ, ಅಲ್ಲಿಂದ ಷೇರ್ ಆಟೋ. ಮನೆಯ ಪಕ್ಕದಲ್ಲಿ ಷೀಟಿನ ಹುಳದ ಮನೆ, ಕಿಟಕಿಗೆಲ್ಲ ಹಸಿರು ಬಲೆ. ಬಾಗಿಲ ಮುಂದೆ ಸುಣ್ಣದ ಪುಡಿ ಹರವಿದ್ದರು. ಆ ಸುಣ್ಣದ ಈಚೆ ಅವಳ ಅತ್ತೆ ನಿಂತಿದ್ದರು. ಬಿಳಿ ಕೂದಲು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಬಾಗಿಲ ಚೌಕಟ್ಟಿಗೆ ಆನಿಸಿಕೊಂಡಿದ್ದರು.

“ಆಸ್ಪತ್ರೆಯೋರಾ? ದಾ ತಲ್ಲಿ, ಬಾರಮ್ಮಾ. ಜಗಲಿ ಮೇಲೆ ಕೂತ್ಕೋ. ಒಳಗೆ ಮಾತ್ರ ಬಿಡಲ್ಲ. ನಿನ್ ಮೈಯೆಲ್ಲಾ ಸ್ಪಿರಿಟ್ಟು ವಾಸ್ನೆ.”

ಬೆಳಿಗ್ಗೆ ಎರಡು ಸಲ ಸೋಪು ಹಾಕಿ ಸ್ನಾನ ಮಾಡಿದ್ದೆ. ಆದರೂ ಜಗಲಿಯ ಮೇಲೇ ಕೂತೆ. ಒಳಗಿಂದ ಹುಳ ಸೊಪ್ಪು ಮೇಯುವ ಸಣ್ಣ ಸದ್ದು ಬರುತ್ತಿತ್ತು. ಅದರ ನಡುವೆ ಸೊಸೆಯ ಕೆಮ್ಮು. ಅವಳು ಹೊರಗೆ ಬಂದಳು. ತುಟಿ ಒಣಗಿತ್ತು, ಮಾತು ಮತ್ತೆ ತುಂಡಾಗುತ್ತಿತ್ತು.

ನಾನು ಅತ್ತೆಗೆ ಎಲ್ಲವನ್ನೂ ಹೇಳಿದೆ. ಎದೆಯ ಕೊಳವೆ, ಊತ, ಔಷಧಿ ಗೋಡೆಗೆ ಅಂಟುವುದು, ಹೋದ ಸಲ ಇವಳು ಹೋಗಿಯೇಬಿಡುತ್ತಿದ್ದಳು ಎನ್ನುವುದು. ಅವರು ಚೌಕಟ್ಟು ಬಿಡದೆ ಕೇಳಿದರು.

“ನೀನ್ ಹೇಳೋದು ನಿಜಾನೇ ಇರ್ಬೋದು. ಸಾಯ್ಲಿ ಅಂತ ನಾನೂ ಅಂತೀನಾ? ಮಗಳ ಥರ ಅವ್ಳೆ. ಆದ್ರೆ ಹುಳ ಹೋದ್ರೆ...” ನಡುವೆ ನಿಂತು, ತುಟಿ ಕೂಡಿಸಿ ಉಫ್ ಎಂದು ಗಾಳಿ ಬಿಟ್ಟರು. “ಹುಳ ಹೋದ್ರೆ ಅವ್ಳೇ ಬದ್ಕಲ್ಲ ತಲ್ಲಿ. ಹಿಂದೆ ಒಂದ್ಸಲ ಟೊಮೊಟೊ ಔಷಧಿಗೆ ಹುಳ ಸತ್ತಾಗ ಮೂರು ದಿವ್ಸ ಅನ್ನ ಮುಟ್ಲಿಲ್ಲ. ಹೊರಗಿನ ಸೊಪ್ಪು ತಂದ್ರೂ ಸುಮ್ನೆ ಹಾಕಲ್ಲ ನಾವು. ನಾಲ್ಕು ಹುಳ ಬೇರೆ ಮಾಡಿ, ಹಾಕಿ ನೋಡಿ, ಆಮೇಲೇ.”

ಆ ಮಾತನ್ನು ನಾನು ಹಿಡಿದುಕೊಂಡೆ. “ಹಾಗಾದ್ರೆ ಇದನ್ನೂ ಹಾಗೇ ನೋಡಿ, ದೊಡ್ಡಮ್ಮಾ. ನಾಲ್ಕು ಹುಳ ಬೇರೆ ಮಾಡಿ.”

ಮನುಷ್ಯರ ಎದೆಗೆ ಈ ಔಷಧಿ ಏನು ಮಾಡುತ್ತದೆ ಎಂದು ನನಗೆ ಗೊತ್ತು. ರೇಷ್ಮೆ ಹುಳಕ್ಕೆ ಏನು ಮಾಡುತ್ತದೆ ಎಂದು ನನಗೆ ಯಾರೂ ಕಲಿಸಿಲ್ಲ. ಹುಳ ಸತ್ತರೆ ಈ ಮನೆಯಲ್ಲಿ ಇನ್ನು ಯಾರೂ ಪಂಪು ಮುಟ್ಟುವುದಿಲ್ಲ. ಅಲ್ಲಿಗೆ ಇವಳ ಕಥೆ ಮುಗಿಯಿತು. ಆದರೆ ಸುಮ್ಮನೆ ವಾಪಸು ಹೋದರೂ ಅದೇ ಆಗುವುದಿತ್ತು.

ಅತ್ತೆ ಒಂದು ಮೊರದಲ್ಲಿ ಸೊಪ್ಪು ಹರಡಿ, ಒಂದು ಹಿಡಿ ಹುಳ ಬಿಟ್ಟು ಜಗಲಿಗೆ ತಂದರು. ನಾಲ್ಕನೇ ಜ್ವರ ಬಿಟ್ಟೆದ್ದ ಹುಳ. ಹುಳ ಪೊರೆ ಬಿಡಲು ಮಲಗುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಎದ್ದ ಮೇಲೆ ಹಸಿವು ಜಾಸ್ತಿ, ಸೊಪ್ಪಿನ ಅಂಚು ಹಿಡಿದು ಸರಸರ ಮೇಯುತ್ತಿದ್ದವು.

ಸೊಸೆ ಪಂಪು ಕುಲುಕಿದಳು. ಅತ್ತೆ ಹುಳದ ಮೇಲೆ ಕಣ್ಣು ನೆಟ್ಟು ಕೂತಿದ್ದನ್ನು ನೋಡಿಯೋ ಏನೋ, ಆಸ್ಪತ್ರೆಯಲ್ಲಿ ಅಷ್ಟು ಚೆನ್ನಾಗಿ ಮಾಡುತ್ತಿದ್ದವಳು ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಸಲಾರದೆ ಹೋದಳು. ಔಷಧಿ ಬಾಯಿಂದ ಹೊಗೆಯಾಗಿ ಹೊರಗೆ ಬಂದು ಮೊರದ ಮೇಲೇ ಇಳಿಯಿತು. ಹತ್ತಿರದಲ್ಲಿದ್ದ ಹುಳ ಮೇಯುವುದು ಬಿಟ್ಟು ತಲೆ ಎತ್ತಿದವು.

“ಚೂಡು, ಚೂಡು! ತಲೆ ಎತ್ತುದ್ವು ನೋಡು!” ಅತ್ತೆ ಮೊರ ಎಳೆದುಕೊಂಡರು. ಸೊಸೆ ಅಳುವುದಕ್ಕೆ ಶುರು ಮಾಡಿದಳು. ಅತ್ತರೆ ಉಬ್ಬಸ ಹೆಚ್ಚುತ್ತದೆ, ಹೆಚ್ಚಿತು.

ನನಗೆ ಆಗ ಅನ್ನಿಸಿದ್ದು ಎದ್ದು ಹೋಗಿಬಿಡೋಣ ಎಂದು. ಬೆನ್ನು ನೋಯುತ್ತಿತ್ತು. ಆದರೂ ಬ್ಯಾಗಿನಿಂದ ಸ್ಪೇಸರು ತೆಗೆದೆ. ಅದೊಂದು ಉದ್ದನೆಯ ಪ್ಲಾಸ್ಟಿಕ್ ಡಬ್ಬಿ. ಒಂದು ತುದಿಗೆ ಪಂಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿಯಬೇಕು. ಒತ್ತಿದ ಔಷಧಿ ಡಬ್ಬಿಯಲ್ಲೇ ನಿಲ್ಲುತ್ತದೆ, ನಮ್ಮ ಪಾಡಿಗೆ ನಾವು ನಿಧಾನಕ್ಕೆ ಎಳೆದುಕೊಳ್ಳಬಹುದು. ಹೊಗೆ ಹೊರಗೆ ಬರುವುದಿಲ್ಲ.

“ಇನ್ನೊಂದು ಮೊರ ತನ್ನಿ ದೊಡ್ಡಮ್ಮಾ. ಬೇರೆ ಹುಳ. ಆ ಮೊರ ಅಲ್ಲೇ ಇರ್ಲಿ, ಅದನ್ನೂ ನೋಡೋಣ.”

ಅವರು ನನ್ನನ್ನೂ ಸೊಸೆಯನ್ನೂ ನೋಡಿದರು. ಅವಳ ಕುತ್ತಿಗೆಯ ನರ ಎದ್ದಿದ್ದನ್ನೂ ನೋಡಿದರು. ಎದ್ದು ಒಳಗೆ ಹೋಗಿ ತಂದರು.

ಸೊಸೆ ಡಬ್ಬಿ ಕಚ್ಚಿಕೊಂಡಳು. ಒತ್ತಿ, ಎಳೆದು, ಉಸಿರು ಹಿಡಿದಳು. ನಾನು ಮನಸ್ಸಿನಲ್ಲೇ ಎಣಿಸಿದೆ. ಆಮೇಲೆ ಬಗ್ಗಿ, ಮೊರದ ಮೇಲೆ ಆ ಉಸಿರನ್ನು ಮೆಲ್ಲಗೆ ಬಿಟ್ಟಳು. ಮೂವರೂ ಹುಳಗಳನ್ನೇ ನೋಡುತ್ತಾ ಕೂತೆವು. ಅವು ಮೇಯುತ್ತಲೇ ಇದ್ದವು.

“ಈಗ್ಲೇ ಏನೂ ಹೇಳೋಕಾಗಲ್ಲ. ಮುಂದಿನ ಸೊಪ್ಪು ತಿನ್ಬೇಕು,” ಎಂದರು ಅತ್ತೆ.

ಅವರ ಊಟವಾಯಿತು, ನನ್ನ ಊಟವಾಯಿತು. ಜಗಲಿಯ ಮೇಲೆ ಗೋಡೆಗೆ ಒರಗಿ ಕಾಯುತ್ತಾ ತೂಕಡಿಸಿದೆ. ಸಂಜೆಯ ಸೊಪ್ಪಿನ ಹೊತ್ತಿಗೆ ಸೊಸೆ ಒಂದೇ ಉಸಿರಿಗೆ ಪೂರ್ತಿ ವಾಕ್ಯ ಮಾತಾಡುತ್ತಿದ್ದಳು. ಎರಡನೇ ಮೊರದ ಹುಳ ಹೊಸ ಸೊಪ್ಪಿಗೆ ಹತ್ತಿದವು. ಮೊದಲನೇ ಮೊರದಲ್ಲಿ ಒಂದೆರಡು ಮಂಕಾಗಿದ್ದವು, ಉಳಿದವು ಮೇಯುತ್ತಿದ್ದವು. ಅತ್ತೆ ಎರಡನ್ನೂ ಬಹಳ ಹೊತ್ತು ನೋಡಿದರು.

“ಡಬ್ಬಿ ಇಟ್ಕೊಂಡೇ ತಗೋಬೇಕು. ಜಗಲಿ ಮೇಲೇ. ಆಮೇಲೆ ಬಾಯಿ ಮುಕ್ಕಳ್ಸಿ, ಉಗ್ದು, ಕೈ ತೊಳ್ಕೊಂಡೇ ಒಳಗೆ ಬರ್ಬೇಕು. ಇಲ್ದಿದ್ರೆ ನಾನ್ ಬಿಡಲ್ಲ.”

ದಿನಾ ತೆಗೆದುಕೊಳ್ಳುವ ಪಂಪಾದ ಮೇಲೆ ಬಾಯಿ ಮುಕ್ಕಳಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇಲ್ಲದಿದ್ದರೆ ಬಾಯಲ್ಲಿ ಹುಣ್ಣಾಗುತ್ತದೆ. ಹೇಳಿದ್ದನ್ನು ಮಾಡುವವರು ಕಡಿಮೆ. ಈ ಮನೆಯಲ್ಲಿ ಮಾತ್ರ ಇನ್ನು ಅದು ತಪ್ಪುವುದಿಲ್ಲ ಎಂದು ಬಸ್ಸಿನಲ್ಲಿ ಕೂತಾಗ ನಗು ಬಂತು. ಬಸ್ಸಿನ ತುಂಬಾ ನಿದ್ದೆ ಮಾಡಿದೆ. ಮಾರನೇ ದಿನ ಬೆಳಿಗ್ಗೆ ಅತ್ತೆಯೇ ಫೋನು ಮಾಡಿ, “ಎರಡು ಮೊರಾನೂ ತಿಂತಾ ಅವೆ,” ಎಂದಷ್ಟೇ ಹೇಳಿ ಇಟ್ಟರು.

ಗೂಡು ಮಾರಿದ ಮೇಲೆ ಸೊಸೆ ಆಸ್ಪತ್ರೆಗೆ ಬಂದಳು. ಬೆಳೆ ಮುಗಿದ ಬೆನ್ನಿಗೇ ಗೆರೆ ಅಷ್ಟು ಚೆನ್ನಾಗಿದ್ದದ್ದು ಅದೇ ಮೊದಲು. ಹಿಂದೆ ಅತ್ತೆ ನಿಂತಿದ್ದರು, ಬಾಗಿಲ ಚೌಕಟ್ಟಿಗೆ ಕೈ ಆನಿಸಿಕೊಂಡು. ಅಂದು ಊರಿನಲ್ಲಿ ಅವರಲ್ಲಿ ಕಂಡೂ ಗುರುತಿಸದೆ ಬಿಟ್ಟಿದ್ದನ್ನು ನಾನು ಮತ್ತೆ ಕಂಡೆ. ಏರುವ ಹೆಗಲು, ತುಂಡಾಗುವ ಮಾತು, ತುಟಿ ಕೂಡಿಸಿ ಬಿಡುವ ಗಾಳಿ.

“ನಂಗೇನೂ ಇಲ್ಲ,” ಎಂದರು, ನಾನು ಕೇಳುವ ಮೊದಲೇ. “ಇವ್ಳು ಎಳ್ಕೊಂಡು ಬಂದವ್ಳೆ.”

“ನನಗಿಂತ ಮುಂಚಿಂದ ಹುಳ ಸಾಕಿರೋದು ಅವ್ರೇ ಅಕ್ಕಾ,” ಎಂದಳು ಸೊಸೆ. “ನನ್ ಕೆಮ್ಮು ಎಲ್ಲರ್ಗೂ ಕೇಳುಸ್ತು. ಇವ್ರುದ್ದು ಯಾರೂ ಕೇಳ್ಲೇ ಇಲ್ಲ.”

ಸ್ಟೂಲಿನ ಮೇಲೆ ಕೂರಿಸಿದೆ. ಮೂಗಿಗೆ ಕ್ಲಿಪ್ಪು ಹಾಕಿದರೆ ಕಿತ್ತು ಹಾಕಿದರು. “ಮೂಗು ಮುಚ್ಚಿದ್ರೆ ಪಕ್ಕೇಲಿ ಉಸ್ರಾಡ್ಲಾ? ನಾನೇನು ಹುಳಾನಾ?” ಮತ್ತೆ ಹಾಕಿದೆ. ಕೊಳವೆ ಬಾಯಿಗೆ ಕೊಟ್ಟೆ. ಒಂದಿಷ್ಟು ಊದಿ, ಸೆರಗು ಸರಿಮಾಡಿಕೊಂಡು ನಿಲ್ಲಿಸಿಬಿಟ್ಟರು. ಗಾಳಿ ಇನ್ನೂ ಒಳಗೇ ಇತ್ತು. ನಾನು ಇನ್ನೊಂದು ಸಲ ಕೂಗಲು ಬಾಯಿ ತೆರೆದೆ. ಅಂದು ಬೆಳಗಿನಿಂದ ಎಷ್ಟು ಜನರಿಗೆ ಕೂಗಿದ್ದೆನೋ, ದನಿ ಹೊರಡಲಿಲ್ಲ.

ಅಷ್ಟರಲ್ಲಿ ಸೊಸೆ ನನ್ನ ಪಕ್ಕಕ್ಕೆ ಬಂದು ಅತ್ತೆಯ ಎರಡು ಹೆಗಲನ್ನೂ ಹಿಡಿದಳು.

“ಎಳ್ಕೊಳ್ಳಿ ಅತ್ತೆ, ಇನ್ನಾ, ಇನ್ನಾ! ಈಗ ಊದಿ! ಊದಿ, ಊದಿ, ನಿಲ್ಲುಸ್ಬೇಡಿ, ನಿಮ್ಗೇ ಹೇಳ್ತಿರೋದು, ಊದಿ!”

ಪಕ್ಕದ ಕೋಣೆಯವರು ಬಂದು ಇಣುಕಿದರು. ಆ ಹೆಂಗಸು ಅತ್ತೆಯ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲಿರಬೇಕು. ಅತ್ತೆ ಕಣ್ಣು ಅಗಲ ಮಾಡಿ ಅವಳನ್ನೇ ನೋಡುತ್ತಾ, ಮುಖ ಕೆಂಪಾಗುವ ತನಕ, ಎಷ್ಟು ವರ್ಷದ ಗಾಳಿಯೋ ಅಷ್ಟನ್ನೂ ಊದಿದರು. ಪರದೆಯ ಮೇಲೆ ಗೆರೆ ಸೊಸೆಯದಕ್ಕಿಂತಲೂ ಕೆಳಗೆ ಜೋತುಬಿತ್ತು. ಅವಳೂ ಅದನ್ನು ನೋಡಿದಳು. ಗೆರೆ ಓದುವುದನ್ನು ಅಷ್ಟು ಸಲ ಬಂದು ಕಲಿತುಬಿಟ್ಟಿದ್ದಳು. ತನ್ನ ಚೀಲದಿಂದ ಸುಣ್ಣ ಮೆತ್ತಿದ ಸ್ಪೇಸರು ತೆಗೆದು ತೋರಿಸಿ, ಅತ್ತೆಗೆ ಒಂದು ಹೊಸದು ಕೊಡಿ ಎಂದು ನನಗೆ ಸನ್ನೆ ಮಾಡಿದಳು.